ಗಾಳಿಯಲ್ಲಿ ಬರುವ ತುಕ್ಕು ರೋಗಕ್ಕೆ ಗಾಜಿನ ಪಟ್ಟಿಯ ಕಾವಲು

ಗೋಧಿ ಬೆಳೆಯುವ ರೈತ ಬಾಂಧವರಿಗೆ ತುಕ್ಕು ರೋಗದ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ಹಿಂಗಾರಿ ಬೆಳೆ ತೆನೆಗೆ ಬರುವ ಹೊತ್ತಿಗೆ ಎಲೆಯ ಮೇಲೆ, ಕಾಂಡದ ಮೇಲೆ ಕೆಂಪು ಪುಡಿ ಏಳುತ್ತದೆ. ಹೊಲದಲ್ಲಿ ಒಂದು ಸುತ್ತು ಹಾಕಿ ಬಂದರೆ ಧೋತರದ ಅಂಚಿಗೆಲ್ಲ ಬಣ್ಣ. ಜಾತ್ರೆಯಲ್ಲಿ ಎರಚುವ ಭಂಡಾರವನ್ನು ನೆನೆದು ಇದನ್ನು ಭಂಡಾರ ರೋಗವೆಂದು ಕರೆಯುವವರೂ ಇದ್ದಾರೆ. ರೋಗ ಬೇಗ ಬಂದ ವರ್ಷ ಕಾಳು ಬಲಿಯುವುದಿಲ್ಲ; ಸುಕ್ಕುಗಟ್ಟಿ ಜೀರಿಗೆಯಂತಾಗುತ್ತದೆ. ರಾಶಿ ಕಣಕ್ಕೆ ಬಂದಾಗ ಚೀಲ ತುಂಬಿದರೂ ತೂಕ ಬರುವುದಿಲ್ಲ.

ಈ ರೋಗದ ಮಾತು ಕಳೆದ ಹಿಂಗಾರಿಯಲ್ಲಿ ನಮ್ಮ ಬ್ಲಾಕಿನ ಒಂದು ಹಳ್ಳಿಯ ಕಟ್ಟೆಯ ಮೇಲೆ ಬಂದಿತು. ಅದು ಗಾಳಿಯಲ್ಲಿ ಬರುತ್ತದೆ ಎಂದು ನಾನು ಹೇಳಿದಾಗ ಒಬ್ಬ ಹಿರಿಯರು ನಕ್ಕು ಕೇಳಿದರು: “ಅಲ್ರೀ ಸಾಹೇಬ್ರ, ಗಾಳ್ಯಾಗ ಬರೋದನ್ನ ಯಾರು ನೋಡ್ಯಾರ್ರೀ? ಹೊಲದಾಗ ಬಂದ ಮ್ಯಾಲೆ ನಮಗೂ ಕಾಣಸ್ತೈತಿ, ನಿಮಗೂ ಕಾಣಸ್ತೈತಿ. ಬರೋದಕ್ಕಿಂತ ಮೊದಲ ಕಾಣಸೂದಿದ್ರ ಹೇಳ್ರಿ.”

ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಬರುವುದಕ್ಕಿಂತ ಮೊದಲು, ಅದು ಇನ್ನೂ ಗಾಳಿಯಲ್ಲಿರುವಾಗಲೇ, ಅದನ್ನು ಹಿಡಿದು ನೋಡಲು ಸಾಧ್ಯವಿದೆ. ಅದಕ್ಕೆ ಬೇಕಾಗುವ ಸಾಮಾನು ಒಂದು ಗಾಜಿನ ಪಟ್ಟಿ, ಚಿಟಿಕೆಯಷ್ಟು ವ್ಯಾಸಲೀನು, ಒಂದು ಕೋಲು ಮತ್ತು ನೋಡಲು ಒಂದು ಸೂಕ್ಷ್ಮದರ್ಶಕ. ಆ ಹಿರಿಯರಿಗೆ ಅಂದು ಕಟ್ಟೆಯ ಮೇಲೆ ಅರ್ಧ ಮಾತ್ರ ಹೇಳಲಾಯಿತು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಕೆಂಪು ಪುಡಿ ಏನೆಂಬುದನ್ನು ತಿಳಿಯೋಣ. ತುಕ್ಕು ಒಂದು ಬಗೆಯ ಬೂಷ್ಟು. ಕೃಷಿ ಪುಸ್ತಕಗಳಲ್ಲಿ ಇದನ್ನು ಶಿಲೀಂಧ್ರವೆಂದು ಬರೆಯುತ್ತಾರೆ. ಬೆರಳಿಗೆ ಹತ್ತುವ ಪುಡಿಯ ಒಂದೊಂದು ಕಣವೂ ಆ ಬೂಷ್ಟಿನ ಬೀಜವಿದ್ದಂತೆ. ಅದಕ್ಕೆ ಬೀಜಾಣು ಎನ್ನುತ್ತಾರೆ. ಇಂತಹ ನಲವತ್ತು ಬೀಜಾಣುಗಳನ್ನು ಸಾಲಾಗಿ ಜೋಡಿಸಿದರೆ ಹೆಚ್ಚುಕಡಿಮೆ ಒಂದು ಮಿಲಿಮೀಟರು ಉದ್ದವಾಗುತ್ತದೆ. ಎಲೆಯ ಮೇಲಿನ ಒಂದೇ ಒಂದು ಗುಳ್ಳೆ ಒಡೆದರೆ ದಿನಕ್ಕೆ ಸಾವಿರಗಟ್ಟಲೆ ಬೀಜಾಣುಗಳು ಹೊರಬೀಳುತ್ತವೆ. ಅವುಗಳಲ್ಲಿ ಒಂದು ಮತ್ತೊಂದು ಗೋಧಿ ಎಲೆಯ ಮೇಲೆ ಕುಳಿತು, ಆರೆಂಟು ತಾಸು ಮಂಜಿನ ತೇವ ಸಿಕ್ಕಿದರೆ ಮೊಳೆಯುತ್ತದೆ. ಒಂದೆರಡು ವಾರದೊಳಗೆ ಅಲ್ಲಿ ಹೊಸ ಗುಳ್ಳೆ. ಹೀಗೆ ಬೆಳೆ ಕೊಯ್ಲಿಗೆ ಬರುವುದರೊಳಗೆ ಹಲವು ತಲೆಮಾರು ಆಗಿಬಿಡುತ್ತದೆ.

ಈ ಕಣ ಎಷ್ಟು ದೂರ ಹೋದೀತು? ಕಣದಲ್ಲಿ ತೂರುವುದನ್ನು ನೆನಪಿಗೆ ತಂದುಕೊಳ್ಳಿ. ಕಾಳು ಕಾಲ ಬುಡದಲ್ಲಿ ಬೀಳುತ್ತದೆ, ಹೊಟ್ಟು ಹತ್ತು ಮಾರು ಹೋಗುತ್ತದೆ, ಸಣ್ಣ ಧೂಳು ಕಣ್ಣಿಗೆ ಕಾಣದಂತೆ ಹೊರಟುಹೋಗುತ್ತದೆ. ತುಕ್ಕಿನ ಬೀಜಾಣು ಅಲುಗದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಇಳಿಯುತ್ತದೆ. ಒಂದು ಮೀಟರು ಎತ್ತರದ ತೆನೆಯಿಂದ ನೆಲ ಮುಟ್ಟಲು ನೂರು ಸೆಕೆಂಡು. ಅಷ್ಟರಲ್ಲಿ ತಾಸಿಗೆ ಒಂಬತ್ತು ಕಿಲೋಮೀಟರು ವೇಗದ ಸಾಧಾರಣ ಗಾಳಿ ಅದನ್ನು ಇನ್ನೂರೈವತ್ತು ಮೀಟರು ಒಯ್ದಿರುತ್ತದೆ. ಇದು ನೆಲದ ಬಳಿಯ ಲೆಕ್ಕ. ಮಧ್ಯಾಹ್ನದ ಬಿಸಿಗಾಳಿ ಮೇಲೆದ್ದು ಅದನ್ನು ಎತ್ತಿಕೊಂಡಿತೆಂದರೆ ಮತ್ತೆ ಮೈಲಿಯ ಲೆಕ್ಕವಿಲ್ಲ. ಅಮೆರಿಕದ ರೋಗತಜ್ಞ ಸ್ಟಾಕ್‌ಮನ್ ಮತ್ತು ಅವರ ಸಂಗಡಿಗರು 1920ರ ದಶಕದ ಆರಂಭದಲ್ಲಿ ವಿಮಾನದಿಂದ ವ್ಯಾಸಲೀನು ಹಚ್ಚಿದ ಗಾಜನ್ನು ಹೊರಗೆ ಒಡ್ಡಿ, ಹತ್ತು ಸಾವಿರ ಅಡಿಗೂ ಮೇಲಿನ ಗಾಳಿಯಲ್ಲಿ ತುಕ್ಕಿನ ಬೀಜಾಣುಗಳನ್ನು ಹಿಡಿದರು.

ನಮ್ಮ ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರ ಸೀಮೆಗೆ ಇದರಿಂದ ಏನು ಸಂಬಂಧ? ಬಹಳ ಸಂಬಂಧವಿದೆ. ತುಕ್ಕಿನ ಬೂಷ್ಟು ಜೀವವಿರುವ ಗಿಡದ ಮೇಲಲ್ಲದೆ ಬದುಕದು. ನಮ್ಮಲ್ಲಿ ಮಾರ್ಚ್ ಹೊತ್ತಿಗೆ ಗೋಧಿಯ ಕೊಯ್ಲು ಮುಗಿಯುತ್ತದೆ; ಆಮೇಲಿನ ಬೇಸಿಗೆಯ ಉರಿಯಲ್ಲಿ ಹೊಲದಲ್ಲಿ ಉಳಿದ ಬೀಜಾಣುಗಳೂ ಸಾಯುತ್ತವೆ. ಹಾಗಿದ್ದರೆ ಮುಂದಿನ ವರ್ಷ ರೋಗ ಎಲ್ಲಿಂದ ಬರುತ್ತದೆ? ಈ ಪ್ರಶ್ನೆಯನ್ನು ಹಿಡಿದು ವರ್ಷಾನುಗಟ್ಟಲೆ ದುಡಿದವರು ಆಗ್ರಾ ಕಾಲೇಜಿನ ಪ್ರಾಧ್ಯಾಪಕ ಕರಮ್ ಚಂದ್ ಮೆಹ್ತಾ ಅವರು. ಬಯಲುನಾಡಿನಲ್ಲಿ ತುಕ್ಕು ಬೇಸಿಗೆ ಕಳೆಯುವುದಿಲ್ಲ, ತಂಪಾದ ಬೆಟ್ಟಸೀಮೆಗಳಲ್ಲಿ ವರ್ಷವಿಡೀ ಉಳಿದು ಅಲ್ಲಿಂದ ಪ್ರತಿ ವರ್ಷ ಗಾಳಿಯೊಂದಿಗೆ ಕೆಳಗಿಳಿದು ಬರುತ್ತದೆ ಎಂದು ಅವರು ತೋರಿಸಿಕೊಟ್ಟರು. ಅವರ ದೊಡ್ಡ ವರದಿ 1940ರಲ್ಲಿ ಅಚ್ಚಾಯಿತು. ಉತ್ತರದಲ್ಲಿ ಹಿಮಾಲಯ, ದಕ್ಷಿಣದಲ್ಲಿ ನೀಲಗಿರಿ ಮತ್ತು ಪಳನಿ ಬೆಟ್ಟಗಳು. ಕಾಂಡಕ್ಕೆ ಬರುವ ಕರಿ ತುಕ್ಕು ನಮ್ಮ ಕಡೆಗೆ ಬರುವುದು ದಕ್ಷಿಣದ ಈ ಬೆಟ್ಟಗಳಿಂದ. ನೀಲಗಿರಿಯಿಂದ ಧಾರವಾಡಕ್ಕೆ ನೇರ ದಾರಿ ಹೆಚ್ಚುಕಡಿಮೆ ಐನೂರು ಕಿಲೋಮೀಟರು.

ಮುಂದೆ 1970ರ ದಶಕದಲ್ಲಿ ನಾಗರಾಜನ್ ಮತ್ತು ಸಿಂಗ್ ಎಂಬ ವಿಜ್ಞಾನಿಗಳು ಇದಕ್ಕೆ ಇನ್ನೊಂದು ಕೊಂಡಿ ಸೇರಿಸಿದರು. ನವೆಂಬರ್ ಸುಮಾರಿಗೆ ಸಮುದ್ರದಲ್ಲಿ ಏಳುವ ವಾಯುಭಾರ ಕುಸಿತ, ಚಂಡಮಾರುತಗಳು ದಕ್ಷಿಣದ ಬೆಟ್ಟಗಳ ಬೀಜಾಣುಗಳನ್ನು ಮೇಲಿನ ಗಾಳಿಯಲ್ಲಿ ಉತ್ತರಕ್ಕೆ ಒಯ್ಯುತ್ತವೆ. ಅಕಾಲದ ಮಳೆ ಅವುಗಳನ್ನು ತೊಳೆದು ಎಳೆಯ ಗೋಧಿಯ ಮೇಲೆ ಇಳಿಸುತ್ತದೆ. ಈ ಮಳೆಯ ಮಾತನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

ಗಾಜಿನಿಂದ ಗಾಳಿಯ ರೋಗವನ್ನು ಹಿಡಿಯುವ ಉಪಾಯ ಹೊಸದಲ್ಲ. ಸಿಂಹಳದಲ್ಲಿ ಕಾಫಿ ತೋಟಗಳು ಎಲೆತುಕ್ಕಿನಿಂದ ನಾಶವಾಗುತ್ತಿದ್ದಾಗ 1880ರಿಂದ 1882ರವರೆಗೆ ಅಲ್ಲಿ ಕೆಲಸ ಮಾಡಿದ ಮಾರ್ಷಲ್ ವಾರ್ಡ್ ಎಂಬವರು ಅಂಟು ಸವರಿದ ಗಾಜುಗಳನ್ನು ಗಾಳಿಗೆ ಒಡ್ಡಿ ಕಾಫಿ ತುಕ್ಕಿನ ಬೀಜಾಣುಗಳನ್ನು ಹಿಡಿದು ತೋರಿಸಿದರು. ನಮ್ಮ ಕೊಡಗು ಚಿಕ್ಕಮಗಳೂರಿನ ಬೆಳೆಗಾರರನ್ನು ಇಂದಿಗೂ ಕಾಡುವುದು ಅದೇ ತುಕ್ಕು. 1952ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೇಂದ್ರದ ಹರ್ಸ್ಟ್ ಎಂಬವರು ನಿಮಿಷಕ್ಕೆ ಹತ್ತು ಲೀಟರು ಗಾಳಿಯನ್ನು ಹೀರಿ ಗಾಜಿನ ಮೇಲೆ ಬಡಿಯುವ ಯಂತ್ರ ಮಾಡಿದರು. ಒಳಗಿನ ಗಾಜು ಗಂಟೆಗೆ ಎರಡು ಮಿಲಿಮೀಟರಿನಂತೆ ಸರಿಯುವುದರಿಂದ ಯಾವ ಗಂಟೆಗೆ ಎಷ್ಟು ಬೀಜಾಣು ಬಂದವೆಂಬುದೂ ತಿಳಿಯುತ್ತದೆ. ಅದು ಸಂಶೋಧನಾ ಕೇಂದ್ರದ ಯಂತ್ರ, ಬೆಲೆಯೂ ಹಾಗೆಯೇ. 1957ರಲ್ಲಿ ಪರ್ಕಿನ್ಸ್ ಎಂಬವರು ಸಣ್ಣ ಮೋಟರಿಗೆ ಎರಡು ತೆಳು ಕಡ್ಡಿಗಳನ್ನು ಸಿಕ್ಕಿಸಿ, ಅಂಟು ಹಚ್ಚಿ ಗರಗರ ತಿರುಗಿಸುವ ಹಗುರವಾದ ಸಾಧನ ಮಾಡಿದರು. ಅದನ್ನು ಜೇಬಿನಲ್ಲಿಟ್ಟುಕೊಂಡು ಹೊಲಕ್ಕೆ ಹೋಗಬಹುದು. ನಮ್ಮ ಹುಡುಗರು ಆಟಿಕೆಯ ಮೋಟರಿನಿಂದ ಇಂಥದನ್ನು ಮಾಡಲು ಹೊರಟರೆ ಬೇಡವೆನ್ನಬೇಡಿ. ಆದರೆ ಬ್ಯಾಟರಿ ಸೊರಗಿದಂತೆ ತಿರುಗುವ ವೇಗ ಇಳಿಯುತ್ತದೆ, ಹಿಡಿತವೂ ಇಳಿಯುತ್ತದೆ. ಆಗ ನಿನ್ನೆಯ ಎಣಿಕೆಗೂ ಇಂದಿನದಕ್ಕೂ ಹೋಲಿಕೆ ಸಾಧ್ಯವಾಗುವುದಿಲ್ಲ. ಹಳ್ಳಿಯ ಕೆಲಸಕ್ಕೆ ನಿಂತ ಗಾಜೇ ಲೇಸೆಂದು ನನ್ನ ಅಭಿಪ್ರಾಯ.

ಮಾಡುವ ರೀತಿ ಹೀಗೆ. ಶಾಲೆಯವರು ಸ್ಲೈಡು ಎನ್ನುವ ಗಾಜಿನ ಪಟ್ಟಿ ಮೂರು ಅಂಗುಲ ಉದ್ದ, ಒಂದು ಅಂಗುಲ ಅಗಲ ಇರುತ್ತದೆ. ಅದನ್ನು ಸಾಬೂನಿನಿಂದ ತೊಳೆದು ಶುಭ್ರವಾದ ಬಟ್ಟೆಯಿಂದ ಒರೆಸಿ. ವ್ಯಾಸಲೀನಿನ ಡಬ್ಬಿಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ, ಸಣ್ಣ ಕುಂಚದಿಂದ ಪಟ್ಟಿಯ ಒಂದೇ ಮುಖಕ್ಕೆ ತೆಳುವಾಗಿ ಸವರಿ. ಎಷ್ಟು ತೆಳುವೆಂದರೆ ಗಾಜಿನ ಕೆಳಗೆ ಈ ಪತ್ರಿಕೆಯನ್ನಿಟ್ಟರೆ ಅಕ್ಷರ ಓದಲು ಬರಬೇಕು. ರೊಟ್ಟಿಗೆ ಬೆಣ್ಣೆ ಹಚ್ಚಿದಂತೆ ಹಚ್ಚಿದರೆ ಬೀಜಾಣು ಅದರಲ್ಲಿ ಮುಳುಗಿ ಕಾಣದೆ ಹೋಗುತ್ತದೆ. ಪಟ್ಟಿಯ ಒಂದು ತುದಿಯಲ್ಲಿ ಅರ್ಧ ಅಂಗುಲ ಜಾಗ ಬಿಟ್ಟು ಅಲ್ಲಿ ಕಾಗದ ಅಂಟಿಸಿ ಊರು, ಹೊಲ, ಇಟ್ಟ ದಿನ ಮತ್ತು ವೇಳೆ, ತೆಗೆದ ದಿನ ಮತ್ತು ವೇಳೆ ಬರೆಯಿರಿ. ಬರಹವಿಲ್ಲದ ಗಾಜು ಮರುದಿನವೇ ಕಸಕ್ಕೆ ಸಮಾನ.

ಹೊಲದಲ್ಲಿ ಒಂದು ಗಟ್ಟಿ ಕೋಲನ್ನು ನೆಟ್ಟು, ಬೆಳೆಯ ತಲೆಗಿಂತ ಒಂದೂವರೆ ಅಡಿ ಮೇಲೆ ಗಾಜು ನಿಲ್ಲುವಂತೆ ಕಟ್ಟಬೇಕು. ಸವರಿದ ಮುಖ ಗಾಳಿ ಬರುವ ದಿಕ್ಕಿಗಿರಬೇಕು. ಗಾಳಿ ದಿನವಿಡೀ ಒಂದೇ ಕಡೆಯಿಂದ ಬೀಸುವುದಿಲ್ಲವಾದ್ದರಿಂದ ತಗಡಿನ ಬಾಲವಿರುವ ಒಂದು ಗಾಳಿಪಟ್ಟಿಯನ್ನು ಊರಿನ ಬಡಿಗರಿಂದ ಮಾಡಿಸಿ, ಅದರ ಮೂತಿಗೆ ಗಾಜನ್ನು ಸಿಕ್ಕಿಸಿದರೆ ಅದೇ ತಿರುಗಿಕೊಳ್ಳುತ್ತದೆ. ಮೇಲೆ ಒಂದು ಗೇಣು ಅಗಲದ ತಗಡಿನ ಮಾಡು. ಇದು ಮಳೆಗೂ ಬೇಕು, ಬಿಸಿಲಿಗೂ ಬೇಕು. ಬಿಸಿಲಲ್ಲಿ ವ್ಯಾಸಲೀನು ಕರಗಿ ಕೆಳಗೆ ಹರಿದುಬಿಡುತ್ತದೆ. ಬೆಳಗ್ಗೆ ಎಂಟು ಗಂಟೆಗೆ ಇಟ್ಟ ಗಾಜನ್ನು ಮರುದಿನ ಎಂಟು ಗಂಟೆಗೆ ತೆಗೆದು ಹೊಸದನ್ನು ಇಡಿ. ವೇಳೆ ತಪ್ಪಬಾರದು.

ಒಂದು ಕೆಲಸವನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಸವರಿದ ಇನ್ನೊಂದು ಗಾಜನ್ನು ಡಬ್ಬಿಯಲ್ಲಿಯೇ ಇಟ್ಟು ಹೊಲಕ್ಕೆ ಒಯ್ದು, ಗಾಳಿಗೆ ತೆರೆಯದೆ ಹಾಗೆಯೇ ತರಬೇಕು. ಅದರ ಮೇಲೂ ಬೀಜಾಣು ಕಂಡರೆ ಅದು ನಿಮ್ಮ ಕೈಯಿಂದಲೋ ಬಟ್ಟೆಯಿಂದಲೋ ಬಂದದ್ದು. ರೋಗ ಬಿದ್ದ ಹೊಲದಲ್ಲಿ ಓಡಾಡಿ ಅದೇ ಕೈಯಲ್ಲಿ ಗಾಜು ಮುಟ್ಟಿದವರ ಎಣಿಕೆಯನ್ನು ನಂಬುವಂತಿಲ್ಲ.

ನಾನೂ ಮೊದಲ ಸಲ ತಪ್ಪು ಮಾಡಿದೆ. ಹೋಗಿಬರಲು ಅನುಕೂಲವೆಂದು ಕೋಲನ್ನು ಬಂಡಿ ದಾರಿಯ ಪಕ್ಕದಲ್ಲಿಯೇ ನೆಟ್ಟಿದ್ದೆ. ಮರುದಿನ ನೋಡಿದರೆ ಗಾಜಿನ ತುಂಬ ಎರೆಮಣ್ಣಿನ ಧೂಳು. ಅದರಲ್ಲಿ ಬೀಜಾಣು ಹುಡುಕುವುದು ರಾಶಿಯಲ್ಲಿ ಸಾಸಿವೆ ಹುಡುಕಿದಂತೆ. ದಾರಿ, ಕಣ, ದನದ ಕೊಟ್ಟಿಗೆ, ಹೊಗೆಯಾಡುವ ಜಾಗ ಇವುಗಳಿಂದ ದೂರವಾಗಿ, ಹೊಲದ ಒಳಗೆ ಇಪ್ಪತ್ತು ಮಾರು ಹೋಗಿ ನೆಡಿ.

ಇನ್ನು ನೋಡುವ ಬಗೆ. ಬರಿಗಣ್ಣಿಗೆ ಏನೂ ಕಾಣದು. ಪ್ರೌಢಶಾಲೆಯ ಸೂಕ್ಷ್ಮದರ್ಶಕ ಸಾಕು. ವಿಜ್ಞಾನದ ಮೇಷ್ಟರು ಮನಸ್ಸು ಮಾಡಿದರೆ ಮಕ್ಕಳಿಗೂ ಒಳ್ಳೆಯ ಪಾಠವಾಗುತ್ತದೆ. ಅದೂ ಇಲ್ಲದ ಊರಿಗೆ ಕಾಗದದ ಸೂಕ್ಷ್ಮದರ್ಶಕವಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಮನು ಪ್ರಕಾಶ್ ಮತ್ತು ಅವರ ಸಂಗಡಿಗರು ರೂಪಿಸಿ 2014ರಲ್ಲಿ ಲೋಕಕ್ಕೆ ತಿಳಿಸಿದ ಫೋಲ್ಡ್‌ಸ್ಕೋಪ್ ಎಂಬ ಈ ಸಾಧನ ಕಾಗದ ಮಡಿಸಿ ಮಾಡುವಂಥದು. ಒಂದು ಸಣ್ಣ ಗಾಜಿನ ಮಣಿಯೇ ಅದರ ಕಣ್ಣು. ಭಾರತ ಸರಕಾರದ ಜೈವಿಕ ತಂತ್ರಜ್ಞಾನ ಇಲಾಖೆಯೂ ಇದರ ಬಳಕೆಗೆ ಒಂದು ಕಾರ್ಯಕ್ರಮ ನಡೆಸಿತು. ಅದು ವಸ್ತುವನ್ನು 140 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಅಂದರೆ ತುಕ್ಕಿನ ಬೀಜಾಣು ಹೆಚ್ಚುಕಡಿಮೆ ಜೋಳದ ಕಾಳಿನಷ್ಟು ಕಾಣುತ್ತದೆ. ಕರಿ ತುಕ್ಕಿನದು ಉದ್ದನೆಯ ಅಂಡಾಕಾರ, ಇಟ್ಟಿಗೆ ಬಣ್ಣ. ಎಲೆ ತುಕ್ಕಿನದು ದುಂಡಗೆ, ಕಿತ್ತಳೆ ಛಾಯೆ. ಜೋಳ, ಮೆಕ್ಕೆಜೋಳದ ಪರಾಗವೂ ಗಾಜಿಗೆ ಬಂದು ಕೂರುತ್ತದೆ. ಅದು ಇದಕ್ಕಿಂತ ದೊಡ್ಡದು, ದುಂಡು, ಬಣ್ಣ ಪೇಲವ. ಕಂದು ಬಣ್ಣದ, ಗದೆಯಂತೆ ಒಂದು ಕಡೆ ದಪ್ಪಗಿದ್ದು ಒಳಗೆ ಅಡ್ಡಗೋಡೆಗಳಿರುವ ಕಣಗಳು ಬೇರೊಂದು ಬೂಷ್ಟಿನವು. ಮೊದಲು ಗುರುತು ಕಲಿಯಲು ರೋಗ ಬಿದ್ದ ಎಲೆಯ ಪುಡಿಯನ್ನೇ ಒಂದು ಗಾಜಿನ ಮೇಲೆ ತಟ್ಟಿ ನೋಡಿಕೊಳ್ಳುವುದು ಸುಲಭ ದಾರಿ. ಆ ಗಾಜನ್ನು ಮಾದರಿಯಾಗಿ ಬೇರೆ ಡಬ್ಬಿಯಲ್ಲಿ ಇಟ್ಟುಕೊಳ್ಳಿ.

ಪ್ರಯೋಗಶಾಲೆಗಳಲ್ಲಿ ಗಂಜಿಯಂಥ ಆಹಾರ ತುಂಬಿದ ತಟ್ಟೆಗಳನ್ನು ಗಾಳಿಗೆ ತೆರೆದಿಟ್ಟು, ಬಿದ್ದ ಸೂಕ್ಷ್ಮಜೀವಿಗಳನ್ನು ಅದರ ಮೇಲೆ ಬೆಳೆಸಿ ಎಣಿಸುವ ಕ್ರಮವೂ ಇದೆ. ತುಕ್ಕಿಗೆ ಆ ಕ್ರಮ ನಡೆಯದು. ಜೀವವಿರುವ ಗಿಡವೇ ಬೇಕೆನ್ನುವ ಬೂಷ್ಟು ತಟ್ಟೆಯ ಗಂಜಿಗೆ ಒಲಿಯುವುದಿಲ್ಲ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಗಾಜು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ತಿಳಿಯದೆ ಇದನ್ನು ಹಿಡಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚು. ಒಂದು ಹಳ್ಳಿಯಲ್ಲಿ ಗಾಜಿನ ಮೇಲೆ ನಾಲ್ಕು ಕೆಂಪು ಕಣ ಕಂಡ ಸುದ್ದಿ ಹಬ್ಬಿ, ಒಬ್ಬ ರೈತರು ಅಂದು ಸಂಜೆಯೇ ಔಷಧಿ ತಂದು ನಾಲ್ಕು ಎಕರೆಗೆ ಹೊಡೆದರು. ಅವರ ಹೊಲದಲ್ಲಿ ಎಲೆ ಹಳದಿಯಾಗಿದ್ದೂ ನಿಜ. ಮರುದಿನ ಹೋಗಿ ಬಿಳಿ ಬಟ್ಟೆಯಿಂದ ಎಲೆ ಉಜ್ಜಿದೆವು. ಬಟ್ಟೆಗೆ ಬಣ್ಣ ಹತ್ತಲಿಲ್ಲ, ಗುಳ್ಳೆಯೂ ಇರಲಿಲ್ಲ. ಕೆಳಗಿನ ಎಲೆಗಳು ಮಾತ್ರ ಹಳದಿಯಾಗಿದ್ದವು. ಅದು ಸಾರಜನಕದ ಕೊರತೆ. ಬೇಕಾಗಿದ್ದದ್ದು ಮೇಲುಗೊಬ್ಬರ, ಖರ್ಚಾದದ್ದು ಸಾಲದ ದುಡ್ಡಿನ ಔಷಧಿ. ಅವರಲ್ಲಿ ತಪ್ಪಿಲ್ಲ. ಗಾಜು ಇಟ್ಟ ನಾವು ಪೂರ್ತಿ ಹೇಳದೆ ಬಿಟ್ಟದ್ದೇ ತಪ್ಪು.

ಗಾಜಿನ ಮೇಲಿನ ಬೀಜಾಣು ಜೀವಂತವಾಗಿದೆಯೋ ಬಿಸಿಲಿಗೆ ಸತ್ತಿದೆಯೋ ಎಂಬುದು ನೋಟದಿಂದ ತಿಳಿಯುವುದಿಲ್ಲ. ಜೀವಂತವಾಗಿದ್ದರೂ ರಾತ್ರಿ ಮಂಜು ಬೀಳದಿದ್ದರೆ ಅದು ಮೊಳೆಯದು. ಮೊಳೆತರೂ ನಿಮ್ಮದು ರೋಗ ತಡೆಯುವ ತಳಿಯಾಗಿದ್ದರೆ ಒಳಗೆ ನುಗ್ಗಿ ಬೆಳೆಯಲಾರದು. ಎಣಿಕೆಯನ್ನೂ ಗಾಳಿಯಲ್ಲಿರುವ ಬೀಜಾಣುಗಳ ಪೂರ್ಣ ಲೆಕ್ಕವೆಂದು ತಿಳಿಯಬಾರದು. ಹಳ್ಳದ ನೀರು ಬಂಡೆಯನ್ನು ಬಳಸಿ ಹೋಗುವಂತೆ ಮಂದಗಾಳಿ ಗಾಜನ್ನು ಬಳಸಿ ಹೋಗುತ್ತದೆ, ಬೀಜಾಣುಗಳನ್ನೂ ಸಂಗಡ ಒಯ್ಯುತ್ತದೆ. ಅಗಲವಾದ ಗಾಜಿಗಿಂತ ತೆಳುವಾದ ಕಡ್ಡಿ ಹೆಚ್ಚು ಹಿಡಿಯುವುದು ಇದೇ ಕಾರಣದಿಂದ. ಆದ್ದರಿಂದ ಒಂದೇ ಕೋಲಿನ, ಒಂದೇ ಅಳತೆಯ ಗಾಜಿನ ಎಣಿಕೆಯನ್ನು ದಿನದಿಂದ ದಿನಕ್ಕೆ ಹೋಲಿಸಬೇಕು. ನಿನ್ನೆಯವರೆಗೆ ಸೊನ್ನೆ, ಇಂದು ಮೂರು, ನಾಳೆ ಹತ್ತು ಎಂದಾದರೆ ಅದರಲ್ಲಿ ಅರ್ಥವಿದೆ.

ಇನ್ನು ಮಳೆಯ ಮಾತು. ದೂರದಿಂದ ಬರುವ ಬೀಜಾಣುಗಳನ್ನು ಮಳೆ ತೊಳೆದು ಇಳಿಸುತ್ತದೆಂದು ಮೇಲೆ ಹೇಳಿದೆ. ನಮ್ಮ ಗಾಜಿಗಾದರೋ ತಗಡಿನ ಮಾಡಿದೆ. ಮಳೆಯಲ್ಲಿ ಇಳಿದದ್ದು ಅದಕ್ಕೆ ಸಿಗುವುದಿಲ್ಲ. ಹಾಗಾಗಿ ದೀಪಾವಳಿಯ ನಂತರ ಅಕಾಲದ ಮಳೆಯಾದರೆ, ಗಾಜು ಶುಭ್ರವಾಗಿದೆಯೆಂದು ನೆಮ್ಮದಿಯಿಂದ ಕೂರಬೇಡಿ. ಮಳೆಯಾದ ಏಳನೆಯ ದಿನದಿಂದ ಹೊಲಕ್ಕೆ ಇಳಿದು ನೋಡಿ.

ಗಾಜಿನ ಮೇಲೆ ಬೀಜಾಣು ಕಂಡಾಗಲೂ ಮಾಡಬೇಕಾದದ್ದು ಇದೇ, ಹೋಗಿ ನೋಡುವುದು. ಕಂಡ ದಿನವನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿ, ಏಳನೆಯ ದಿನದಿಂದ ಎರಡು ವಾರ ಮುಗಿಯುವ ತನಕ ದಿನ ಬಿಟ್ಟು ದಿನ ಹೊಲ ಸುತ್ತಿ. ಬದುವಿನಲ್ಲಿ ನಿಂತು ನೋಡಿದರೆ ಆಗದು. ನೀರು ನಿಲ್ಲುವ ತಗ್ಗು, ಮರದ ನೆರಳು, ಬೆಳೆ ದಟ್ಟವಾಗಿರುವ ಕಡೆ ಇಬ್ಬನಿ ತಡವಾಗಿ ಆರುತ್ತದೆ. ಮೊದಲ ಗುಳ್ಳೆ ಅಲ್ಲಿಯೇ ಸಿಗುವ ಸಂಭವ ಹೆಚ್ಚು. ಗುಳ್ಳೆ ಕಂಡು, ಬಟ್ಟೆಗೆ ಬಣ್ಣ ಹತ್ತಿದರೆ ಅಂದೇ ರೈತ ಸಂಪರ್ಕ ಕೇಂದ್ರಕ್ಕೆ ಎಲೆಯನ್ನು ತೆಗೆದುಕೊಂಡು ಹೋಗಿ. ಪ್ರೊಪಿಕೊನಜೋಲ್ 25 ಇ.ಸಿ. ಎಂಬ ಔಷಧಿಯನ್ನು ಲೀಟರು ನೀರಿಗೆ 1 ಮಿಲಿಲೀಟರಿನಂತೆ ಬೆರೆಸಿ ಹೊಡೆಯುವುದು ರೂಢಿಯಲ್ಲಿರುವ ಶಿಫಾರಸು. ನಿಮ್ಮ ಬೆಳೆಯ ವಯಸ್ಸಿಗೆ ಅದು ಬೇಕೋ ಬೇಡವೋ ಎಂದು ಅಲ್ಲಿಯೇ ಕೇಳಿಕೊಳ್ಳಿ. ಹೊಲವೆಲ್ಲ ಕೆಂಪಾದ ಮೇಲೆ ಹೊಡೆದರೆ ಔಷಧಿಯ ದುಡ್ಡೂ ಹೋಗುತ್ತದೆ, ಕಾಳೂ ಹೋಗುತ್ತದೆ.

ರೋಗ ತಡೆಯುವ ತಳಿ ಬಿತ್ತಿದ್ದೇನೆ, ನನಗೇಕೆ ಈ ಗಾಜು ಎಂದು ಕೇಳುವವರಿದ್ದಾರೆ. ತಳಿಯೇ ಮೊದಲ ರಕ್ಷೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ತುಕ್ಕು ವೇಷ ಬದಲಿಸುವ ರೋಗ. 1998–99ರಲ್ಲಿ ಉಗಾಂಡಾ ದೇಶದಲ್ಲಿ ಕಂಡ ಕರಿ ತುಕ್ಕಿನ ಒಂದು ಹೊಸ ಬಗೆ, ಅಲ್ಲಿಯ ತನಕ ಗಟ್ಟಿಯೆನಿಸಿದ್ದ ಅನೇಕ ತಳಿಗಳನ್ನು ಮಣಿಸಿತು. ಆಮೇಲೆ ಕೀನ್ಯಾ, ಇಥಿಯೋಪಿಯಾ, ಯೆಮೆನ್ ದಾಟಿ 2007ರ ಹೊತ್ತಿಗೆ ಇರಾನಿನಲ್ಲಿ ಕಾಣಿಸಿಕೊಂಡಿತು. ತಡೆಯುವ ತಳಿಯ ಹೊಲದಲ್ಲಿ ಗುಳ್ಳೆ ಕಂಡರೆ ಅದು ಹೆಚ್ಚಿನ ಸುದ್ದಿ. ಎಲೆಯ ಮಾದರಿಯನ್ನು ಕೃಷಿ ವಿಜ್ಞಾನ ಕೇಂದ್ರಕ್ಕಾಗಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕಾಗಲಿ ತಪ್ಪದೆ ಮುಟ್ಟಿಸಿ. ಎಲೆಯನ್ನು ಕಾಗದದ ಲಕೋಟೆಯಲ್ಲಿ ಒಣಗಿದಂತೆ ಕಳಿಸಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಬೆವತು ಕೊಳೆತು ಹೋಗುತ್ತದೆ.

ಭತ್ತ ಬೆಳೆಯುವ ಊರುಗಳವರು ಬೆಂಕಿ ರೋಗಕ್ಕೂ ಇದೇ ಗಾಜನ್ನು ಇಡಬಹುದು. ಆ ಬೀಜಾಣು ಬಣ್ಣವಿಲ್ಲದ್ದು, ಪೇರಲ ಹಣ್ಣಿನಂತೆ ಒಂದು ಕಡೆ ಚೂಪು, ಒಳಗೆ ಮೂರು ಕೋಣೆ. ಹೊರಬೀಳುವುದು ಹೆಚ್ಚಾಗಿ ರಾತ್ರಿಯ ಹೊತ್ತು. ಕಾಗದದ ಸೂಕ್ಷ್ಮದರ್ಶಕದಲ್ಲಿ ಅದನ್ನು ಗುರುತಿಸುವುದು ಕಷ್ಟ, ಕಾಲೇಜಿನ ಯಂತ್ರ ಬೇಕಾಗುತ್ತದೆ.

ಒಂದು ಊರಿಗೆ ಎರಡು ಮೂರು ಕೋಲು ಸಾಕು. ದೀಪಾವಳಿಯಿಂದ ಶುರುಮಾಡಿ, ಗೋಧಿಯ ಕಾಳು ಹಲ್ಲಿಗೆ ಗಟ್ಟಿಯಾಗುವವರೆಗೆ ಇಡಿ. ಅನಂತರ ಬಂದ ತುಕ್ಕು ಇಳುವರಿಗೆ ಹೆಚ್ಚು ಕೆಡುಕು ಮಾಡುವುದಿಲ್ಲ. ಗಾಜುಗಳನ್ನು ಬಿಸಿನೀರು, ಸಾಬೂನಿನಿಂದ ತೊಳೆದು ಒಣಗಿಸಿ, ಒಂದಕ್ಕೊಂದು ತಾಗದಂತೆ ಕಾಗದ ಸುತ್ತಿ ಎತ್ತಿಡಿ. ಎಣಿಕೆ ಬರೆದ ವಹಿಯನ್ನು ಪಂಚಾಯಿತಿಯಲ್ಲಿ ಕೊಟ್ಟಿರಿ. ಮುಂದಿನ ಹಿಂಗಾರಿಯಲ್ಲಿ ಯಾವ ವಾರದಿಂದ ಎಚ್ಚರವಾಗಿರಬೇಕೆಂದು ನೋಡಲು ಅದು ಬೇಕಾಗುತ್ತದೆ.